ಒಂದು ಪೆಟ್ಟಿಗೆಯ ಸೆಟ್ಟಿಂಗ್, ಎಂಟು ಕುಲುಮೆಗೆ

ನನ್ನ ಕಸುಬಿನಲ್ಲಿ ಫಜೀತಿಗಳು ಕರೆಯದೇ ಬರುತ್ತವೆ. ಯಂತ್ರಗಳು ಹೇಳಿದ್ದನ್ನೇ ಮಾಡುತ್ತವೆ, ನಿಜ. ನಾನು ಹೇಳಿದ್ದೇ ತಪ್ಪಾಗಿರುತ್ತದೆ.

ಹಳೆಯ ಮೀಟರುಗಳನ್ನು ನೆಟ್‌ವರ್ಕಿಗೆ ಸೇರಿಸುವ ಪುಟ್ಟ ಪೆಟ್ಟಿಗೆಗಳನ್ನು ಕೂರಿಸುವುದು ನನ್ನ ಕೆಲಸ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕುಲುಮೆಗೊಂದು ಪೆಟ್ಟಿಗೆಯಂತೆ ಎಂಟು ಕುಲುಮೆಗಳ ಶಾಖ ಆಫೀಸಿನ ಪರದೆಯಲ್ಲಿ ಕಾಣಬೇಕಿತ್ತು. ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಸರಿಹೋದರೆ ವರ್ಷವಿಡೀ ಅಲ್ಲಿನ ಉಸ್ತುವಾರಿ ನನ್ನದು. ಕೆಟ್ಟರೆ ಸವಳಂಗ ರಸ್ತೆಯ ಹಳೇ ಯಜಮಾನರ ಅಂಗಡಿಯಲ್ಲಿ ಮತ್ತೆ ಕೈಕಟ್ಟಿ ನಿಲ್ಲಬೇಕು. ಹೆದರಿಕೆ ಇತ್ತು, ಹುಮ್ಮಸ್ಸು ಅದಕ್ಕಿಂತ ಹೆಚ್ಚಿತ್ತು.

ಒಗ್ಗಟ್ಟು

ಮೊದಲ ಪೆಟ್ಟಿಗೆಯ ಸೆಟ್ಟಿಂಗನ್ನು ಉಳಿದವಕ್ಕೆಲ್ಲ ಒಂದೇ ಏಟಿಗೆ ನಕಲು ಮಾಡಿದೆ. ಪೆಟ್ಟಿಗೆಯ ಗುರುತಾದ ವಿಳಾಸದ ಸಂಖ್ಯೆಯೂ ನಕಲಾಯಿತು. ಪರದೆಯ ತುಂಬ ಒಂದನೇ ಕುಲುಮೆಯದೇ ಶಾಖ! ರಿಪೇರಿಗೆಂದು ಆರಿಸಿಟ್ಟಿದ್ದ ಕುಲುಮೆಯೂ ಅಲ್ಲಿ ಧಗಧಗ ಉರಿಯುತ್ತಿತ್ತು.

ಸೂಪರ್‌ವೈಸರ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಮೇಡಂ, ಉರಿಸದೇ ಇರೋದೂ ಕಾಯ್ತಿದೆಯಲ್ಲ! ಉಳಿದವನ್ನೂ ಆರಿಸಿಬಿಡ್ಲಾ? ಕರೆಂಟಾದ್ರೂ ಉಳಿಯುತ್ತೆ."

ಪೀಂ ಪೀಂ

ಯಾವ ಪೆಟ್ಟಿಗೆ ಎಲ್ಲಿದೆ ಎಂದು ಪತ್ತೆ ಹಚ್ಚಲು ಒಂದನ್ನು ಕೂಗಿಸಿದೆ. ಎಂಟೂ ಕೂಗಿದವು. ಕೆಲಸಗಾರರೆಲ್ಲ ಕೈತೊಳೆದು ಕ್ಯಾಂಟೀನಿಗೆ ನಡೆದರು. ಕಂಗಾಲಾಗಿ ಕೂಗು ನಿಲ್ಲಿಸಿದೆ.

ಟಿಫನ್ ಡಬ್ಬಿ ಹಿಡಿದ ಒಬ್ಬರು ಹತ್ತಿರ ಬಂದರು. "ನಾಳೆನೂ ಇದೇ ಟೈಮಿಗೆ ಹೊಡೀರಿ ಮೇಡಂ. ಆ ಹಳೇ ಸೈರನ್ ಯಾವಾಗ್ಲೂ ಲೇಟು."

ಆಗಿಬರುವ ಸಂಖ್ಯೆ

ಕೊನೆಗೆ ಒಂದೊಂದಕ್ಕೂ ಬೇರೆ ವಿಳಾಸ ಕೊಡಲು ಕೂತೆ. ಕಾರ್ಖಾನೆಯ ಮಾಲೀಕರು ಬಂದು ಪಕ್ಕದಲ್ಲಿ ನಿಂತರು.

"ನೋಡಮ್ಮ, ನಮಗೆ ಒಂಬತ್ತು ಆಗಿಬರುತ್ತೆ. ಕಾರು, ಫೋನು ಎಲ್ಲ ಒಂಬತ್ತೇ. ಎಲ್ಲ ಪೆಟ್ಟಿಗೆಗೂ ಒಂಬತ್ತೇ ಹಾಕು."

"ಒಂದೇ ನಂಬರ್ ಕೊಟ್ರೆ ಕಿತ್ತಾಡ್ತವೆ ಸಾರ್."

"ಹಂಗಾದ್ರೆ ಪೆಟ್ಟಿಗೆನೇ ಬೇಡ, ಬಿಚ್ಕೊಂಡು ಹೋಗು."

ಹಳೇ ಯಜಮಾನರ ಮುಖ ಕಣ್ಣಮುಂದೆ ಸುಳಿಯಿತು. ಅಷ್ಟರಲ್ಲಿ ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಕಲಿತ ಒಂಬತ್ತರ ಮಗ್ಗಿ ನೆನಪಾಯಿತು. ಒಂಬತ್ತು, ಹದಿನೆಂಟು, ಇಪ್ಪತ್ತೇಳು ಎಂದು ಎಪ್ಪತ್ತೆರಡರವರೆಗೆ ಟೈಪಿಸಿದೆ.

"ಅಂಕಿ ಕೂಡಿಸಿ ನೋಡಿ ಸಾರ್."

ಅವರು ಬೆರಳು ಮಡಚಿದರು. ಒಂದೂ ಎಂಟೂ ಒಂಬತ್ತು. ಎರಡೂ ಏಳೂ ಒಂಬತ್ತು. ಅವರ ಮುಖ ಅರಳಿತು. ಪರದೆಯಲ್ಲಿ ಪ್ರತಿ ಕುಲುಮೆಯೂ ತನ್ನ ತನ್ನ ಶಾಖವನ್ನೇ ತೋರಿಸತೊಡಗಿತು. ನನಗೆ ಕುಣಿಯಬೇಕೆನಿಸಿತು.

"ವರ್ಷದ ಕೆಲಸ ನಿನಗೇ ಕಣಮ್ಮ," ಎಂದರು ಮಾಲೀಕರು. ಆಮೇಲೆ ದನಿ ತಗ್ಗಿಸಿ, "ಕಂಪ್ಯೂಟರಿನವರಿಗೆ ಇಷ್ಟೆಲ್ಲ ವಿದ್ಯೆ ಗೊತ್ತಿರುತ್ತೆ ಅಂತ ನನಗೆ ತಿಳಿದಿರ್ಲಿಲ್ಲ. ಹಂಗೇ ನಮ್ಮ ಮಗಳ ಜಾತಕಾನೂ ಒಂಚೂರು ನೋಡಿಬಿಡು."