ರಾಜೀವನ ಹನ್ನೊಂದು ಲಕ್ಷ ಪ್ಲೇಟ್‌ಲೆಟ್

ವಾರದ ಹಿಂದೆ ಕೊಟ್ಟು ಬಂದ ರಕ್ತದ ರಿಪೋರ್ಟನ್ನು ಲ್ಯಾಬಿನವರು ಕೊನೆಗೂ ಮೊಬೈಲಿಗೆ ಕಳಿಸಿದ್ದು ನೋಡಿ ರಾಜೀವ ಕೂತಲ್ಲೇ ತಣ್ಣಗಾದ. ಭಟ್ಕಳ ಬಂದರಿನಲ್ಲಿ ಹರಿದ ಬಲೆ ಸರಿಮಾಡುವುದು ಅವನ ಕೆಲಸ. ರಕ್ತದಲ್ಲಿ ಪ್ಲೇಟ್‌ಲೆಟ್ ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುವುದು ಅವನ ಹಳೇ ಕಾಯಿಲೆ. ದಿನಾ ಒಂದು ಕ್ಯಾಪ್ಸೂಲು ನುಂಗಿದರೆ ಅದು ನಾಲ್ಕು ಲಕ್ಷದ ಆಸುಪಾಸಿನಲ್ಲಿ ತೆಪ್ಪಗಿರುತ್ತಿತ್ತು. ಈಗ ನೋಡಿದರೆ ಹನ್ನೊಂದು ಲಕ್ಷ. ಹೀಗೆ ಏರಿದರೆ ರಕ್ತ ಹೆಪ್ಪುಗಟ್ಟಿ ಕೈಕಾಲು ಬಿದ್ದುಹೋಗಬಹುದು ಎಂದು ಕುಮಟೆಯ ಸೌಜನ್ಯಾ ಡಾಕ್ಟರು ಮೊದಲೇ ಹೇಳಿದ್ದರು. ಬಲೆ ಹೆಣೆಯುವ ಬೆರಳೇ ಹೋದರೆ ಅವನಲ್ಲಿ ಉಳಿಯುವುದಾದರೂ ಏನು?

ಮನೆಗೆ ಬಂದು ಹೆಂಡತಿ ಸುಚಿತಾಳ ಹತ್ತಿರ ಪಿಸುಗುಟ್ಟಿದ. ಪಕ್ಕದ ಮನೆಯ ನಾಗಕ್ಕನಿಗೆ ಅಷ್ಟು ಸಾಕಾಯಿತು. ಅವಳ ಗಂಡ ಕುಪ್ಪ ಡೆಂಗಿ ಬಂದು, ಪ್ಲೇಟ್‌ಲೆಟ್ ಇಳಿದು, ಸತ್ತು ಬದುಕಿ ಆಗಷ್ಟೇ ಆಸ್ಪತ್ರೆಯಿಂದ ಮನೆ ಸೇರಿದ್ದ. ಹಾಗಾಗಿ ಆ ಕೇರಿಯಲ್ಲಿ ಪ್ಲೇಟ್‌ಲೆಟ್ ಇಳಿದರೆ ಸಾವು, ಏರಿದರೆ ಹಬ್ಬ.

"ನಮ್ಮನೆಯವ್ರಿಗೆ ಇಪ್ಪತ್ತು ಸಾವ್ರಕ್ಕೆ ಇಳ್ದಿತ್ತು ಮಾರಾಯಾ. ಹನ್ನೊಂದು ಲಕ್ಷ ಇಟ್ಕಂಡು ನಿಂಗೆಂತ ಚಿಂತೆ?" ಎಂದ ನಾಗಕ್ಕ ಮಾರಿಯಮ್ಮನಿಗೆ ಕಾಯಿ ಒಡೆಸಲು ಹೋಗೇಬಿಟ್ಟಳು. ಮಧ್ಯಾಹ್ನದೊಳಗೆ ಅರ್ಧ ಕೇರಿ ಬಂದು ಅವನ ಬೆನ್ನು ತಟ್ಟಿತು. ಒಬ್ಬ, ದಿನಾ ಯಾವ ಮೀನು ತಿನ್ನುತ್ತೀಯೆಂದು ಗುಟ್ಟಾಗಿ ವಿಚಾರಿಸಿದ. ಮಂಚದಿಂದೆದ್ದು ಬಂದ ಕುಪ್ಪ, ನಿನ್ನದರಲ್ಲಿ ಒಂದೆರಡು ಲಕ್ಷ ನನಗೆ ಕೊಡಲಿಕ್ಕಾಗುತ್ತದಾ ಎಂದು ಸಂಕೋಚದಿಂದ ಕೇಳಿದ. ರಾಜೀವ ಪ್ರಸಾದದ ಕಾಯಿಚೂರು ಅಗಿಯುತ್ತಾ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ.

ಸಂಜೆ ಗಂಡ ಹೆಂಡತಿ ಕುಮಟೆಯ ಬಸ್ಸು ಹತ್ತಿದರು. ಹೊನ್ನಾವರದ ಸೇತುವೆಯ ಮೇಲೆ ರಾಜೀವನ ಎಡಗಾಲು ಜೋಮು ಹಿಡಿಯಿತು. ಆತು, ತನ್ನ ಕತೆ ಮುಗಿಯಿತು ಎಂದು ಅವನು ಕಣ್ಣು ಮುಚ್ಚಿದ. ಸುಚಿತಾ ಬಗ್ಗಿ ನೋಡಿದರೆ, ಪಕ್ಕದ ಸೀಟಿನವಳ ಮೀನಿನ ಬುಟ್ಟಿ ಅವನ ಪಾದದ ಮೇಲೆ ಕೂತಿತ್ತು.

ಡಾಕ್ಟರು ರಿಪೋರ್ಟು ನೋಡಿ ಮುಖ ಗಂಟಿಕ್ಕಿದರು. ಔಷಧ ತಪ್ಪಿಸಿದ್ದೀರಾ ಎಂದರು. ಇಲ್ಲ, ದಿನಾ ಹೆಂಡತಿಯೇ ಕೈಗೆ ಕೊಡುತ್ತಾಳೆ ಎಂದ ರಾಜೀವ. ಹಾಗಾದರೆ ಕಾಯಿಲೆಯೇ ಮುಂದೆ ಹೋಗಿರಬಹುದು, ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಬೇಕು ಎಂದು ಚೀಟಿ ಬರೆಯತೊಡಗಿದರು. ರಾಜೀವ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ. ಸುಚಿತಾ ಅಳಲು ಶುರುಮಾಡಿದಳು.

"ತಪ್ಪು ನಂದೇ. ಪ್ಲೇಟ್‌ಲೆಟ್ ಇಳ್ದ್ರೆ ಜೀವ ಹೋಗ್ತದೆ ಅಂದ್ಲು ನಾಗಕ್ಕ. ಇವ್ರ ಕ್ಯಾಪ್ಸೂಲು ಅದ್ನ ಇಳ್ಸೂದೇ ಅಲ್ದಾ? ಹೆದ್ರಿಕೆ ಆತು. ಒಳಗಿನ ಪುಡಿ ಚೆಲ್ಲಿ, ಅಕ್ಕಿಹಿಟ್ಟು ತುಂಬಿ ಕೊಡ್ತಾ ಇದ್ದೆ."

ಹೆಂಡತಿ ಮೋಸ ಮಾಡಿದಳೆಂದು ಇಷ್ಟು ಖುಷಿಪಟ್ಟ ಗಂಡಸು ಕರಾವಳಿಯಲ್ಲೇ ಇರಲಿಕ್ಕಿಲ್ಲ. ಕಾಯಿಲೆ ಕೆರಳಿದ್ದಲ್ಲ, ಔಷಧ ಹೊಟ್ಟೆಗೆ ಹೋಗಿಲ್ಲ, ಅಷ್ಟೇ. ರಾಜೀವ ಅವಳ ಕೈ ಹಿಡಿದು ಸಮಾಧಾನ ಮಾಡಿದ. ಡಾಕ್ಟರು ಅವಳನ್ನು ಚೆನ್ನಾಗಿ ಬೈದು, ನಕ್ಕು, ಬರೆದ ಚೀಟಿ ಹರಿದು ಬುಟ್ಟಿಗೆ ಹಾಕಿದರು. ಎಷ್ಟು ಸಮಯದಿಂದ ಹಿಟ್ಟು ಕೊಡುತ್ತಿದ್ದೀಯಮ್ಮ ಎಂದು ಕೇಳಿದರು.

"ಇವ್ರು ಟೆಸ್ಟಿಗೆ ರಕ್ತ ಕೊಟ್ಟು ಬಂದ್ರಲ್ಲ, ಅದ್ರ ಮರುದಿನದಿಂದ."

ಡಾಕ್ಟರ ನಗು ನಿಂತಿತು. ರಕ್ತ ಕೊಡುವ ದಿನದವರೆಗೂ ರಾಜೀವ ನುಂಗಿದ್ದು ಅಸಲಿ ಔಷಧವನ್ನೇ. ಅವರು ಇನ್ನೊಂದು ಚೀಟಿ ಎಳೆದುಕೊಂಡು ಮತ್ತೆ ಅದನ್ನೇ ಬರೆಯತೊಡಗಿದರು.

ರಾಜೀವ ಹೆಂಡತಿಯ ಕೈ ಬಿಡಲಿಲ್ಲ.

"ಅಲ್ಲ ಸುಚಿತಾ, ಒಂದು ತಿಂಗ್ಳು ಮೊದ್ಲೇ ಹಿಟ್ಟು ತುಂಬೂಕೆ ಎಂತ ಆಗಿತ್ತೇ ನಿಂಗೆ?"