ತಲೆ ಬಾಚಿದ ವಿಜ್ಞಾನಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಕ್ಷೌರ. "ನಿಮ್ಮಪ್ಪ ವಿಜ್ಞಾನಿ ಥರ ಕಾಣೋದೇ ಇಲ್ಲ, ಸುಳ್ಳು ಹೇಳ್ತೀಯ" ಎಂದು ಗೆಳತಿಯರು ಮಗಳನ್ನು ಗೇಲಿ ಮಾಡಿದ್ದರು. ಬೂಷ್ಟಿನ ಮೇಲೆ ಸಂಶೋಧನೆ ಮಾಡುವ ನಮ್ಮ ವಿಜ್ಞಾನಿಯ ಮನಸ್ಸಿಗೆ ಇದು ಚುಚ್ಚಿತ್ತು. ತಮ್ಮ ಪ್ರಯೋಗಾಲಯದಲ್ಲೇ ಸಿನಿಮಾ ಶೂಟಿಂಗ್, ಪಾತ್ರಗಳಿಗೂ ಇಲ್ಲಿಯವರೇ ಎಂದು ಗೊತ್ತಾದದ್ದೇ ತಡ, ವಿಜ್ಞಾನಿಯ ಪಾತ್ರ ತಮ್ಮದೇ ಎಂದುಕೊಂಡು ಕೂದಲು ಕತ್ತರಿಸಿಕೊಂಡು, ಎಣ್ಣೆ ಹಚ್ಚಿ, ಬೈತಲೆ ತೆಗೆದು ಹಾಜರಾದರು.

ನಿರ್ದೇಶಕ ಮುಖ ಹುಳ್ಳಗೆ ಮಾಡಿದ. "ತಲೆ ಬಾಚಿದೋನು ಏನ್ ಸಾರ್ ಕಂಡುಹಿಡೀತಾನೆ? ಜನ ನಂಬಲ್ಲ."

"ನಾನು ನಿಜವಾಗ್ಲೂ ವಿಜ್ಞಾನೀನೇ ಕಣ್ರೀ."

"ಇರಬಹುದು. ಅದನ್ನ ತೆರೆ ಮೇಲೆ ಹೇಗ್ ತೋರ್ಸೋದು?"

ಅಷ್ಟರಲ್ಲಿ ಗೇಟು ಕಾಯುವವನು ನೀರಿನ ಕ್ಯಾನು ಹೊತ್ತು ಬಂದ. ಆರು ತಿಂಗಳಿಂದ ಕತ್ತರಿ ಕಾಣದ ಅವನ ತಲೆ ಹರಿದ ದಿಂಬಿನ ಹಾಗಿತ್ತು. "ಇವ್ರೇ ನಮ್ಮ ವಿಜ್ಞಾನಿ" ಎಂದು ನಿರ್ದೇಶಕ ಕುಣಿದಾಡಿಬಿಟ್ಟ. ಎರಡೇ ನಿಮಿಷದಲ್ಲಿ ಬಿಳಿ ಕೋಟು ಅವನ ಮೈಮೇಲಿತ್ತು.

ಹೊಟ್ಟೆಕಿಚ್ಚು ನುಂಗಿಕೊಂಡು ವಿಜ್ಞಾನಿ ಒಳಗೆ ಹೋದರೆ, ಮೇಜಿನ ತುಂಬ ಕೆಂಪು, ನೀಲಿ, ಹಸಿರು ನೀರು ಬುಳುಬುಳು ಕುದಿದು ಹೊಗೆಯಾಡುತ್ತಿತ್ತು.

"ನನ್ನ ಬೂಷ್ಟೆಲ್ಲಿ?"

"ಹಳಸಿಹೋಗಿತ್ತು ಸಾರ್" ಎಂದ ಸೆಟ್ ಹಾಕುವವನು, ವಿನಯದಿಂದ. "ಎಲ್ಲಾ ಚೆನ್ನಾಗಿ ಉಜ್ಜಿ ತೊಳೆದಿಟ್ಟಿದ್ದೀನಿ."

ಏಳು ತಿಂಗಳು ಕಾದು ಬೆಳೆಸಿದ ಬೂಷ್ಟು. ಪಾಪ, ಅವರ ಎದೆಯೇ ಒಡೆದುಹೋಯಿತು. ಕಿರುಚುತ್ತ, ಹಣೆ ಚಚ್ಚಿಕೊಳ್ಳುತ್ತ ಕಾರಿಡಾರಿನ ಉದ್ದಕ್ಕೂ ಓಡಿದರು. ಹಿಂದೆಯೇ ನಿರ್ದೇಶಕನೂ ಓಡಿದ.

"ಎಂಥಾ ಅಭಿನಯ ಸಾರ್. ನಿಮಗೊಂದು ಪಾತ್ರ ಇದೆ. ಇದೇ ಥರ ಓಡ್ಬೇಕು, ಅಷ್ಟೇ."

ಬೂಷ್ಟಿನ ದುಃಖ ಅರ್ಧ ಇಳಿಯಿತು. ಯಾವ ಪಾತ್ರ ಎಂದು ಕೇಳುವ ವ್ಯವಧಾನ ಯಾರಿಗಿದೆ? ಇನ್ನೊಬ್ಬ ವಿಜ್ಞಾನಿಯದೇ ಇರಬೇಕು ಎಂದುಕೊಂಡು ತಕ್ಷಣ ಮನೆಗೆ ಫೋನ್ ಮಾಡಿದರು. "ಪುಟ್ಟೀ, ಗೆಳತಿಯರನ್ನೆಲ್ಲ ಕರ್ಕೊಂಡು ಈಗ್ಲೇ ಬಾ. ಇಲ್ಲಿ ಯಾರ್ ಏನ್ ಕೆಲಸ ಮಾಡ್ತಾರೋ ಅವ್ರಿಗೆ ಅದೇ ಪಾತ್ರ ಅಂತ ಹೇಳು."

ಪುಟ್ಟಿ ಗೆಳತಿಯರ ದಂಡು ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದಾಗ ಕ್ಯಾಮೆರಾ ಓಡುತ್ತಿತ್ತು. ಕೆದರಿದ ತಲೆಯ ವಿಜ್ಞಾನಿ ಹಸಿರು ನೀರಿಗೆ ಕೆಂಪು ನೀರು ಸುರಿದ. ಢಂ ಎಂದಿತು. ಹೊಗೆಯೊಳಗಿಂದ ಖಾಕಿ ಅಂಗಿ ತೊಟ್ಟು, ದೊಣ್ಣೆ ಹಿಡಿದ ಗೇಟು ಕಾಯುವವನೊಬ್ಬ ಬಾಯಿ ಬಡಿದುಕೊಳ್ಳುತ್ತ ಓಡಿಬಂದ. ಬೈತಲೆ ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ.

ಪುಟ್ಟಿ ತಲೆ ತಗ್ಗಿಸಿದಳು. ಗೆಳತಿಯೊಬ್ಬಳು ಕನಿಕರದಿಂದ ಅವಳ ಹೆಗಲ ಮೇಲೆ ಕೈಯಿಟ್ಟಳು.

"ಗೇಟ್ ಕಾಯೋದೂ ಒಳ್ಳೇ ಕೆಲ್ಸಾನೇ ಕಣೇ. ಅದಕ್ಯಾಕೆ ಇಷ್ಟು ದಿನ ಸುಳ್ಳು ಹೇಳ್ದೆ?"