ಮಾವನ ಬುಝೂಕಿಯೂ ಭಜನಾ ಮಂಡಳಿಯ ಠರಾವೂ

ನನ್ನ ಸೋದರಮಾವ ಗ್ರೀಸ್ ದೇಶದ ಮೇಲೆ ಯುದ್ಧ ಸಾರಿ ಒಂಬತ್ತು ತಿಂಗಳಾಯಿತು. ಆ ದೇಶಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೇ. ಶ್ರೀನಿವಾಸಪುರದ ತಮ್ಮ ಮನೆಯ ಜಗುಲಿಯೇ ಅವರ ರಣಾಂಗಣ. ಬನಿಯನ್, ಪಂಚೆ ಸಮವಸ್ತ್ರ. ಸೈನ್ಯ ನಾನೊಬ್ಬನೇ. ನನ್ನನ್ನು ಒಂದು ಮಾತೂ ಕೇಳದೆ ಭರ್ತಿ ಮಾಡಿಕೊಂಡರೆಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಯುದ್ಧಕ್ಕೆ ಕಾರಣ ಒಂದು ವಾದ್ಯ. ಹೆಸರು ಬುಝೂಕಿ. ನೀವು ನೋಡಿರಲಾರಿರಿ. ಭಾರಿ ಗಾತ್ರದ ತೋತಾಪುರಿ ಮಾವಿನಕಾಯನ್ನು ಉದ್ದಕ್ಕೆ ಸೀಳಿ, ಒಂದು ಹೋಳಿಗೆ ಮರದ ಮುಚ್ಚಳ ಬಡಿದು, ಮೊಳದುದ್ದದ ಕತ್ತು ಜೋಡಿಸಿ, ಎಂಟು ತಂತಿ ಬಿಗಿದರೆ ಏನಾಗುತ್ತದೋ ಅದೇ ಬುಝೂಕಿ.

ಈ ಪಾಪದ ಮೂಲ ನಾನೇ. ಕೋಲಾರದ ನನ್ನ ಮನೆಯ ಮಹಡಿಯಲ್ಲಿ ಗ್ರೀಸ್ ದೇಶದ ಇಂಜಿನಿಯರೊಬ್ಬ ಬಾಡಿಗೆಗಿದ್ದ. ವೇಮಗಲ್ಲಿನ ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಬಂದವನು. ಕೆಲಸ ಮುಗಿದು ಊರಿಗೆ ಹೊರಟಾಗ ಒಂದು ಹಾಸಿಗೆ, ಒಂದು ಕುಕ್ಕರು, ಕತ್ತು ಬಿರುಕುಬಿಟ್ಟಿದ್ದ ಈ ವಾದ್ಯ, ಮೂರನ್ನೂ ನಮಗೇ ಬಿಟ್ಟುಹೋದ. ಆ ವಾರ ಮನೆಗೆ ಬಂದಿದ್ದ ಮಾವನಿಗೆ, “ಇದರಲ್ಲಿ ಏನಾದ್ರೂ ತಗೊಂಡ್ಹೋಗಿ ಮಾವ,” ಎಂದೆ. ಬುದ್ಧಿ ನೆಟ್ಟಗಿರುವ ಯಾರೇ ಆಗಲಿ ಏನನ್ನು ಎತ್ತಿಕೊಳ್ಳುತ್ತಿದ್ದರು? ಐದು ಲೀಟರಿನ ಕುಕ್ಕರು! ಮಾವ ಬುಝೂಕಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ಆ ಕುಕ್ಕರಿನ ವಿಷಯ ತೆಗೆದು ಅತ್ತೆ ಇವತ್ತಿಗೂ ನನ್ನನ್ನೇ ಅನ್ನುತ್ತಾರೆ.

ಕತ್ತಿನ ಬಿರುಕನ್ನು ಸರಿಮಾಡಿದ್ದು ಕೋಲಾರದಲ್ಲಿ ತಬಲ, ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಭಾಯಿ. ಅವರು ಅದನ್ನು ತಿರುಗಿಸಿ ನೋಡಿದರು, ಹೊಟ್ಟೆಗೆ ಬೆರಳಲ್ಲಿ ತಟ್ಟಿದರು, ತೂತಿನೊಳಕ್ಕೆ ಊದಿದರು.

“ಯಾ ಅಲ್ಲಾ! ಇದು ಮ್ಯಾಂಡೊಲಿನ್‌ಗೆ ದೊಡ್ಡಣ್ಣ ಆಗ್ಬೇಕು ಸಾರ್. ಬಿಟ್ಟೋಗಿ. ಅರ್ಜೆಂಟ್ ಮಾತ್ರ ನಕ್ಕೋ, ಬೇಡ. ಏನ್ ಬಾರಿಸ್ತೀರ ಇದ್ರಲ್ಲಿ?”

“ತತ್ವಪದ,” ಎಂದರು ಮಾವ.

ಭಾಯಿ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ. “ಹೌ, ಬಾರ್ಸಿ ಸಾರ್,” ಎಂದರು ಕೊನೆಗೆ, “ತಂತಿ ಏನ್ ಬೇಡ ಅಂತದಾ?”

ಮಾವ ಹರೆಯದಲ್ಲಿ, ಗುಂಡಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತಾರಾ ಬಾರಿಸುತ್ತಿದ್ದವರು. ಆಮೇಲೆ ಸರ್ವೆ ಇಲಾಖೆ ಸೇರಿ, ಮಾಲೂರಿನಿಂದ ಮುಳಬಾಗಿಲಿನವರೆಗೆ ಹೊಲಗಳ ಮೇಲೆ ಸರಪಳಿ ಎಳೆಸಿ ನಿವೃತ್ತರಾದರು. ಹಾಗಾಗಿ ಬುಝೂಕಿಯನ್ನು ಕೈಗೆತ್ತಿಕೊಂಡವರು ಮೊದಲು ಅದನ್ನು ಅಳೆದರು. ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಅಂತರವನ್ನೆಲ್ಲ ಪುಸ್ತಕದಲ್ಲಿ ಬರೆದು, ನಕ್ಷೆ ತೆಗೆದು, ಉತ್ತರ ದಿಕ್ಕಿಗೆ ಬಾಣದ ಗುರುತು ಹಾಕಿದರು. ಬುಝೂಕಿಗೆ ಉತ್ತರ ದಿಕ್ಕು ಯಾವುದು? ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ಎರಡೇ ತಿಂಗಳಲ್ಲಿ ನುಡಿಸಲು ಕಲಿತರು ಎಂಬುದನ್ನು ಒಪ್ಪಲೇಬೇಕು.

ಇಷ್ಟೆಲ್ಲ ರಂಪ ಯಾತಕ್ಕೆ ಎಂದು ಕೇಳುತ್ತೀರಾ? ಅತ್ತೆಗಾಗಿ. ಆ ಊರಿನ ಭಜನಾ ಮಂಡಳಿಯಲ್ಲಿ ಶನಿವಾರ ಶನಿವಾರ ಕನ್ನಡದ ದೇವರನಾಮ, ತೆಲುಗಿನ ತತ್ವಪದ ಎಲ್ಲವನ್ನೂ ಎತ್ತಿಕೊಡುತ್ತಿದ್ದವರು ಅತ್ತೆ. ಒಂದೆರಡು ವರ್ಷವಲ್ಲ, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ. ಅರವತ್ತು ದಾಟಿದ ಮೇಲೆ ಅವರ ದನಿ ಇಳಿಯಿತು. ಇಳಿದರೇನಂತೆ, ಶ್ರುತಿಯನ್ನೂ ಇಳಿಸಿದರಾಯಿತು ಎನ್ನುತ್ತೀರಿ. ನಿಮಗೆ ಅಲ್ಲಿಯ ಹಾರ್ಮೋನಿಯಂ ಮೇಷ್ಟ್ರು ಗೊತ್ತಿಲ್ಲ! ಎರಡನೆಯ ಕಪ್ಪು ಮನೆಯಿಂದ ಶ್ರುತಿ ಹಿಡಿದರೆ ಮಾತ್ರ ಅವರ ಬೆರಳು ಓಡುವುದು. ಎರಡು ಮನೆ ಕೆಳಗಿಳಿಸಿ ಎಂದರೆ ಆಧಾರ್ ಕಾರ್ಡಿನಲ್ಲಿ ವಿಳಾಸ ಬದಲಿಸಲು ಹೇಳಿದಂತೆ ಕಂಗಾಲಾಗುತ್ತಾರೆ. ಆದ್ದರಿಂದ ಮಂಡಳಿ ಮೇಷ್ಟ್ರನ್ನು ಬದಲಿಸಲಿಲ್ಲ. ಅತ್ತೆಯ ಕೈಗೆ ತಾಳ ಕೊಟ್ಟು ಹಿಂದಿನ ಸಾಲಿಗೆ ಕಳಿಸಿತು. “ಸ್ವಲ್ಪ ರೆಸ್ಟ್ ತಗೊಳ್ಳಮ್ಮ,” ಎಂದರು ಅಧ್ಯಕ್ಷರು. ಅತ್ತೆ ಎಷ್ಟು ಚೆನ್ನಾಗಿ ರೆಸ್ಟ್ ತೆಗೆದುಕೊಂಡರೆಂದರೆ, ಭಜನೆಗೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ಹಿಟ್ಟು ಕಲಸುವಾಗ ಗುನುಗುವುದನ್ನೂ ಬಿಟ್ಟರು.

“ಇದರ ತಂತೀನ ಅವಳ ದನಿ ಎಲ್ಲಿದ್ಯೋ ಅಲ್ಲಿಗೇ ಇಳಿಸ್ತೀನಿ ಕಣೋ,” ಎಂದರು ಮಾವ. “ಮುಂದಿನ ಸಾಲಲ್ಲಿ ಕೂರಿಸಿ ಹಾಡಿಸ್ಲಿಲ್ಲ ಅಂದ್ರೆ ನೋಡು!”

ಒಂದು ಶನಿವಾರ ಬುಝೂಕಿಗೆ ಹಳೆಯ ಪಂಚೆ ಸುತ್ತಿಕೊಂಡು ಮಂಡಳಿಗೆ ಹೋದೆವು. ಮಾವಿನಕಾಯಿ ಮಂಡಿ ಇಟ್ಟಿರುವ ಅಧ್ಯಕ್ಷರು ಪಂಚೆ ಬಿಚ್ಚಿದ್ದನ್ನು ನೋಡಿ, “ಏಮಯ್ಯಾ ಇದಿ? ಯಾವ ತಳಿ?” ಎಂದರು. ವಾದ್ಯವೆಂದು ತಿಳಿದ ಕೂಡಲೇ ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ, ‘ಚಪ್ಪಲಿ ಹೊರಗೆ ಬಿಡಿ’ ಎಂಬುದರ ಕೆಳಗೆ, ಬಣ್ಣದಲ್ಲಿ ಬರೆಸಿದ ಒಂದು ಠರಾವಿತ್ತು: ‘ಕುಣಿತದ ವಾದ್ಯಗಳಿಗೆ ಪ್ರವೇಶವಿಲ್ಲ.’ ಹಿಂದೊಮ್ಮೆ ಯಾರೋ ರಾಮನವಮಿಗೆ ಕೀಬೋರ್ಡು ತಂದು, ಭಜನೆ ಆರ್ಕೆಸ್ಟ್ರಾ ಆಗಿ, ಖಜಾಂಚಿಗಳು ಎದ್ದು ಕುಣಿದು, ಸೊಂಟ ಹಿಡಿದುಕೊಂಡ ಮೇಲೆ ಆದ ಠರಾವು.

“ಇದು ಕುಣಿತದ್ದು ಅಂತ ಯಾರ್ರೀ ಹೇಳಿದ್ದು?” ಮಾವ ಸಿಡಿದರು.

ಅಧ್ಯಕ್ಷರು ಫೋನು ತೆಗೆದು ಹುಡುಕಿದರು. ಸಮುದ್ರದ ದಂಡೆ, ಹೆಗಲಿಗೆ ಹೆಗಲು ಕೊಟ್ಟು ಕುಣಿಯುವ ಗಂಡಸರು, ಹಿಂದೆ ಬುಝೂಕಿ. ಅದರ ಕೆಳಗಿನದೂ ಅದೇ. ಅದರ ಕೆಳಗಿನದೂ ಅದೇ.

“ಹಾರ್ಮೋನಿಯಂ ಯಾವ ಊರಿಂದ ಬಂತು ಸ್ವಾಮಿ? ಕುರುಡುಮಲೆ ಗಣಪತಿ ಕೈಯಲ್ಲಿ ಹಾರ್ಮೋನಿಯಂ ಇದೆಯಾ?”

“ಅದು ನಮ್ಮ ತಾತನ ಕಾಲದಿಂದ ಇದೆ ಕಣಯ್ಯಾ.”

“ಇವತ್ತು ಇದನ್ನ ಒಳಗೆ ಬಿಡಿ. ನಿಮ್ಮ ಮೊಮ್ಮಗನ ಕಾಲಕ್ಕೆ ಇದೂ ತಾತನ ಕಾಲದ್ದಾಗುತ್ತೆ!”

ವಾದ ಗೆದ್ದರು, ಪ್ರವೇಶ ಸಿಗಲಿಲ್ಲ. ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು: “ಆ ದೇಶದ ಕುಣಿತ ಬಿಟ್ಟು ಬೇರೆ ಯಾವುದಕ್ಕಾದ್ರೂ ಇದನ್ನ ಬಾರಿಸಿರೋದು ಒಂದೇ ಒಂದು ತೋರ್ಸು. ಆಮೇಲೆ ನೋಡೋಣ.”

ಯುದ್ಧ ಶುರುವಾದದ್ದು ಹೀಗೆ. “ಇಡೀ ವಾದ್ಯಾನೇ ಒತ್ತುವರಿ ಮಾಡ್ಕೊಂಡು ಕೂತಿದಾರಲ್ಲೋ!” ಎಂದು ಮಾವ ದಾರಿಯುದ್ದಕ್ಕೂ ಗುಡುಗಿದರು. “ನಾಲ್ಕು ಕಡೆ ಕಲ್ಲು ನೆಟ್ಟು ನಮ್ಮದು ಅಂದ್ಬಿಟ್ರೆ ಆಯ್ತಾ? ಹುಡುಕ್ಲಾ! ಅದರಾಚೆಗೂ ಇರ್ಲೇಬೇಕು.”

ಹುಡುಕುವ ಕೆಲಸ ನನ್ನದು, ಕೋಪಿಸಿಕೊಳ್ಳುವ ಕೆಲಸ ಅವರದು. ನನಗೆ ಸಂಬಳ ಭಾನುವಾರದ ಮುಳಬಾಗಿಲು ದೋಸೆ. ಹೋಟೆಲಿನಲ್ಲಿ ಚಟ್ನಿಯ ಬಟ್ಟಲಿಗೆ ಫೋನನ್ನು ಒರಗಿಸಿ ನೋಡಬೇಕು. ಒಂದು ಮದುವೆಯಲ್ಲಿ ಬುಝೂಕಿ ನುಡಿಯುತ್ತಿದ್ದಂತೆ ಜನ ಪಿಂಗಾಣಿ ತಟ್ಟೆಗಳನ್ನು ನೆಲಕ್ಕೆ ಅಪ್ಪಳಿಸಿ ಪುಡಿ ಮಾಡುತ್ತಿದ್ದರು. ಸಂತೋಷಕ್ಕಂತೆ! ಮನೆಗೆ ಬಂದು ಅತ್ತೆಗೆ ತೋರಿಸಿದೆ. “ಅವರೂರಲ್ಲಿ ಸ್ಟೀಲ್ ತಟ್ಟೆ ಸಿಗಲ್ವೇನೋ, ಪಾಪ?” ಎಂದು ಮರುಗಿ ಒಳಗೆ ಹೋದರು.

ಇನ್ನೊಬ್ಬ ಸಿಕ್ಕಿದ. ಬೆನ್ನ ತನಕ ಕೂದಲು, ಬುಝೂಕಿಗೆ ವಿದ್ಯುತ್ ಸಂಪರ್ಕ, ಹಿಂದೆ ಹೊಗೆ. ಗ್ರೀಸಿನ ಜಾನಪದವಂತೂ ಖಂಡಿತ ಅಲ್ಲ. “ಇದನ್ನ ಅಧ್ಯಕ್ಷರಿಗೆ ತೋರ್ಸೋಣ್ವಾ ಮಾವ?” ಎಂದೆ. ಮಾವ ಒಂದು ನಿಮಿಷ ಕೇಳಿ, “ಬೇಡ. ಇದಕ್ಕಿಂತ ತಟ್ಟೆ ಒಡೆಯೋದೇ ವಾಸಿ,” ಎಂದರು.

ಈ ನಡುವೆ ನನ್ನ ಫೋನು ನನ್ನನ್ನು ಗ್ರೀಕನೆಂದೇ ತೀರ್ಮಾನಿಸಿತು. ಬೆಳಗೆದ್ದರೆ ಆಲಿವ್ ಎಣ್ಣೆಯ ಜಾಹೀರಾತು, ನೀಲಿ ಬಾಗಿಲಿನ ಬಿಳಿ ಮನೆಗಳು, ದ್ವೀಪಗಳಿಗೆ ದಂಪತಿ ಪ್ರವಾಸದ ಪ್ಯಾಕೇಜು. “ನಂಗೆ ದೇವರಾಯಸಮುದ್ರದ ಕೆರೇನೂ ತೋರಿಸಿಲ್ಲ, ನೀವು ಯಾರ ಜೊತೆ ಹೊರಟಿದೀರ?” ಎಂದಳು ನನ್ನ ಹೆಂಡತಿ. ನಾನು ಏನೆಂದು ವಿವರಿಸಲಿ? ಮಾವನ ವಾದ್ಯಕ್ಕೆ ಪೂರ್ವಾಧಾರ ಹುಡುಕುತ್ತಿದ್ದೇನೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ?

ಕಡೆಗೆ ಐರ್ಲೆಂಡ್ ಸಿಕ್ಕಿತು. ಆ ದೇಶದವರು ಬುಝೂಕಿಯನ್ನು ತರಿಸಿಕೊಂಡು, ಅದರ ಹೊಟ್ಟೆಯನ್ನು ಚಪ್ಪಟೆ ಮಾಡಿ, ತಮ್ಮ ಹಾಡುಗಳಿಗೆ ಒಗ್ಗಿಸಿಕೊಂಡಿದ್ದಾರೆ. ಮಾವ ಕುರ್ಚಿಯಿಂದ ಎದ್ದೇಬಿಟ್ಟರು. “ನೋಡಿದ್ಯಾ! ಮಳೆ, ಚಳಿ, ಆಲೂಗಡ್ಡೆ ಬಿಟ್ರೆ ಏನೂ ಇಲ್ದಿರೋ ಊರೋರಿಗೆ ಬುದ್ಧಿ ಬಂತು. ಶ್ರೀನಿವಾಸಪುರದೋರಿಗೆ ಬರ್ಲಿಲ್ಲ!”

ಶನಿವಾರ ಮಂಡಳಿಯಲ್ಲಿ ಪ್ರದರ್ಶನ. ಫೋನಿನ ಸುತ್ತ ಹನ್ನೆರಡು ತಲೆಗಳು. ಐರ್ಲೆಂಡಿನ ಏಳೆಂಟು ಜನ ಮೇಜಿನ ಸುತ್ತ ಕೂತು, ನಮ್ಮವರಷ್ಟೇ ಗಂಭೀರವಾಗಿ ನುಡಿಸುತ್ತಿದ್ದರು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಅಧ್ಯಕ್ಷರು, “ಪರವಾಗಿಲ್ಲ, ಭಜನೆ ಥರಾನೇ ಇದೆ,” ಎನ್ನುವುದಕ್ಕೂ, ಮೂಲೆಯಲ್ಲಿದ್ದ ಕೆಂಪು ಗಡ್ಡದವನೊಬ್ಬ ಲೋಟ ಕೆಳಗಿಡುವುದಕ್ಕೂ ಸರಿಹೋಯಿತು.

“ಅಗೋ, ಎದ್ದ!” ಎಂದರು ಹಾರ್ಮೋನಿಯಂ ಮೇಷ್ಟ್ರು.

ಎದ್ದವನು ಸುಮ್ಮನಿರಬಾರದೇ? ಕುಣಿದ. ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು, ಕೆಂಡ ತುಳಿದವನಂತೆ ಕಾಲು ಬಡಿಯುತ್ತಾ ಕುಣಿದ! ಅಧ್ಯಕ್ಷರು ಗೋಡೆಯ ಕಡೆ ಮತ್ತೆ ಬೆರಳು ತೋರಿಸಿದರು.

“ಅವನಿಗೆ ಕೂತ್ಕೊಳ್ಳೋಕೆ ಏನ್ ರೋಗವಾಗಿತ್ತು?” ಮಾವ ಬಸ್ ನಿಲ್ದಾಣದವರೆಗೂ ಬೈದರು. “ಎಲ್ಲರೂ ಕೂತಿಲ್ವಾ? ಇವನೊಬ್ಬನಿಂದ ಕೆಟ್ಟಿತಲ್ಲೋ!” ಹೀಗೆ ಯುದ್ಧದಲ್ಲಿ ಐರ್ಲೆಂಡೂ ಶತ್ರುಪಕ್ಷಕ್ಕೆ ಸೇರಿತು. ನಾನು ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಕೋಲಾರಕ್ಕೆ ಬಂದೆ.

ಮತ್ತೆ ಹೋದದ್ದು ಜನವರಿಯ ಒಂದು ಮಧ್ಯಾಹ್ನ. ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನಾನೂ ಕೈಹಾಕಿದೆ. ಮಾವ ಒಂದು ಕೈಯಲ್ಲಿ ಬುಝೂಕಿ, ಇನ್ನೊಂದರಲ್ಲಿ ಅತ್ತೆಯದೇ ಫೋನು ಹಿಡಿದು ಒಳಗೆ ಬಂದರು. ನಾನು ಕೈಬಿಟ್ಟ ಹುಡುಕಾಟ ಈಗ ಅದರಲ್ಲಿ ನಡೆದಿತ್ತು.

“ಇವಳೇ, ಇದನ್ನ ನೋಡು.”

“ಮತ್ತೆ ತಟ್ಟೆ ಒಡೀತಾರಾ?”

“ಇಲ್ಲ ಕಣೇ. ನೋಡು.”

ಯಾವುದೋ ಚಳಿ ದೇಶದ ಅಡುಗೆಮನೆ. ಉಣ್ಣೆಯ ಶಾಲು ಹೊದ್ದ ಒಬ್ಬ ಮುದುಕಿ ಹಾಡುತ್ತಿದ್ದಳು. ಪಕ್ಕದಲ್ಲಿ ಅವಳಷ್ಟೇ ವಯಸ್ಸಾದವನೊಬ್ಬ ಬುಝೂಕಿ ನುಡಿಸುತ್ತಿದ್ದ. ಭಾಷೆ ತಿಳಿಯದು, ಆದರೆ ಅದು ಕುಣಿತವಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಸಾಲಿನ ನಡುವೆ ಅವಳ ದನಿ ಒಡೆಯಿತು. ನಿಲ್ಲಿಸಿದಳು, ಕೆಮ್ಮಿದಳು, ನಾಚಿ ನಕ್ಕಳು. ಅವನು ನಿಲ್ಲಿಸಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಅವಳು ಬಿಟ್ಟ ಜಾಗದಲ್ಲೇ ಒಂದು ತಂತಿಯನ್ನು ಮೆಲ್ಲಗೆ ಮೀಟುತ್ತಾ ಕೂತ. ಅವಳು ಮತ್ತೆ ಎತ್ತಿಕೊಂಡಳು.

ಅತ್ತೆ ಅದನ್ನು ಮೂರು ಸಲ ನೋಡಿದರು. “ಇವಳ ಗಂಟಲು ನನಗಿಂತಾ ಹೋಗಿದೆ,” ಎಂದರು.

ನನಗೆ ಹುರುಪು ಬಂತು. “ಸಿಕ್ತಲ್ಲ ಮಾವ, ಆಧಾರ! ಬನ್ನಿ, ಅಧ್ಯಕ್ಷರಿಗೆ ತೋರಿಸಿ ಬರೋಣ!”

“ಯಾವ ಅಧ್ಯಕ್ಷ?” ಎಂದರು ಮಾವ.

ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ತಂತಿಗಳು ಬಹಳ ಕೆಳಗೆ, ಬಾವಿಯೊಳಗಿಂದ ಬಂದಂತೆ ನುಡಿದವು. ಅತ್ತೆ ಕಾಳಿನ ಬೋಗುಣಿಯಿಂದ ಕಣ್ಣೆತ್ತದೆ, ಯಾರಿಗೂ ಅಲ್ಲವೆಂಬಂತೆ, ತೆಲುಗಿನ ತತ್ವಪದವೊಂದನ್ನು ಎತ್ತಿಕೊಂಡರು. ಎರಡು ಸಾಲು ನಡೆಯಿತು. ಮೂರನೆಯದರಲ್ಲಿ ದನಿ ಒಡೆಯಿತು. ಅತ್ತೆ ತಲೆ ಇನ್ನಷ್ಟು ತಗ್ಗಿಸಿ ಕಾಳು ಹಿದುಕತೊಡಗಿದರು.

ನಾನು ಮಾವನ ಬೆರಳನ್ನೇ ನೋಡುತ್ತಿದ್ದೆ. ಅದು ಒಂದೇ ತಂತಿಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಬೋಗುಣಿಯ ಕಾಳು ಅರ್ಧಕ್ಕಿಳಿಯಿತು.

“ಎಲ್ಲಿಗೆ ನಿಲ್ಸಿದ್ದೆ ರೀ?” ಎಂದರು ಅತ್ತೆ.

“ಎಲ್ಲಿಂದ ಬೇಕಾದ್ರೂ ಎತ್ಕೊ,” ಎಂದರು ಮಾವ. “ನಾನು ಇಲ್ಲೇ ಇದೀನಿ.”